ಮೂರು ಇಂಚಿನ ಹೆದ್ದಾರಿ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಓಕ್ಲಹೋಮ ರಾಜ್ಯದ ನಕ್ಷೆಯನ್ನು ನೋಡಿದರೆ ಹಿಡಿಯಿರುವ ಬಾಣಲೆಯ ನೆನಪಾಗುತ್ತದೆ. ಆ ಹಿಡಿಯ ತುದಿಯಲ್ಲಿ 325ನೆಯ ಸಂಖ್ಯೆಯ ರಾಜ್ಯ ಹೆದ್ದಾರಿ ಪಶ್ಚಿಮಕ್ಕೆ ಸಾಗಿ, ನ್ಯೂ ಮೆಕ್ಸಿಕೊ ಗಡಿಯಲ್ಲಿ ಮುಗಿಯುತ್ತದೆ. 2021ರ ಡಿಸೆಂಬರ್‌ನಲ್ಲಿ ಅಲ್ಲಿನ ಸೆನೆಟ್ ಸದಸ್ಯರೊಬ್ಬರು ಈ ಹೆದ್ದಾರಿಯ ಕೊನೆಯ ಮೂರು ಇಂಚಿಗೆ ಲಿಂಕನ್ ರೈಲಿ ಎಂಬವರ ಹೆಸರಿಡಬೇಕೆಂದು ಮಸೂದೆಯೊಂದನ್ನು ಸಲ್ಲಿಸಿದರು. ರಸ್ತೆಗೆ ಹೆಸರಿಡುವುದು ಎಲ್ಲ ದೇಶಗಳಲ್ಲೂ ಗೌರವದ ಕೆಲಸವೇ. ಆದರೆ ರಾಜ್ಯವನ್ನು ಬಿಟ್ಟು ಆಚೆ ಕಾಲಿಡುವ ಜಾಗದ ಮೂರೇ ಇಂಚು ಎಂದರೆ, ಅದು ಅಳತೆಪಟ್ಟಿ ಹಿಡಿದು ಮಾಡಿದ ಅವಮಾನ.

ಈ ರೈಲಿ ಓಕ್ಲಹೋಮ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಮುಖ್ಯ ಕೋಚ್ ಆಗಿದ್ದವರು. ಇಲ್ಲಿ ಫುಟ್‌ಬಾಲ್ ಎಂದರೆ ನಾವು ಕಾಲಿನಲ್ಲಿ ಒದೆಯುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎದೆಗವುಚಿಕೊಂಡು ಓಡುವ, ದೂರಕ್ಕೆ ಎಸೆಯುವ, ಎದುರಾಳಿಯನ್ನು ನೆಲಕ್ಕೆ ಕೆಡವುವ ಅಮೆರಿಕನ್ ಆಟ. ಕಾಲೇಜು ತಂಡಗಳ ಋತು ನವೆಂಬರ್ ಕೊನೆಗೆ ಬಹುಮಟ್ಟಿಗೆ ಮುಗಿಯುತ್ತದೆ. ಚೆನ್ನಾಗಿ ಆಡಿದ ತಂಡಗಳಿಗೆ ಡಿಸೆಂಬರ್‌ನಲ್ಲೋ ಹೊಸ ವರ್ಷದ ಹೊತ್ತಿಗೋ ಬೌಲ್ ಎಂಬ ಹೆಸರಿನ ಇನ್ನೊಂದು ಪಂದ್ಯಕ್ಕೆ ಆಹ್ವಾನ ಬರುತ್ತದೆ. ನಡುವಿನ ಆ ಕೆಲವು ವಾರಗಳಲ್ಲಿಯೇ ಕೋಚ್‌ಗಳು ತಂಡ ಬದಲಿಸುವುದು.

2021ರ ನವೆಂಬರ್ 27ರ ರಾತ್ರಿ ಸ್ಟಿಲ್‌ವಾಟರ್ ಊರಿನಲ್ಲಿ ಓಕ್ಲಹೋಮ ತಂಡ ತನ್ನ ಹಳೆಯ ಎದುರಾಳಿ ಓಕ್ಲಹೋಮ ಸ್ಟೇಟ್ ಎದುರು 37–33ರಿಂದ ಸೋತಿತು. ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗುತ್ತೀರಂತೆ, ಹೌದೇ ಎಂದು ಪತ್ರಕರ್ತರು ಕೇಳಿದಾಗ, ಅಲ್ಲಿನ ಮುಂದಿನ ಕೋಚ್ ತಾನಲ್ಲ ಎಂದು ರೈಲಿ ಖಚಿತವಾಗಿ ಹೇಳಿದರು. ಮಾತು ನಿಜವೇ ಆಗಿತ್ತು. ಮರುದಿನ ಅವರು ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಕೋಚ್ ಆದರು. ಧರ್ಮರಾಯ ‘ಅಶ್ವತ್ಥಾಮೋ ಹತಃ’ ಎಂದು ಗಟ್ಟಿಯಾಗಿ ನುಡಿದಾಗ, ‘ಕುಂಜರಃ’ ಎಂಬುದು ಕೃಷ್ಣನ ಶಂಖನಾದದಲ್ಲಿ ಮುಳುಗಿಹೋದ ಕಥೆ ಗೊತ್ತಿರುವ ನಮಗೆ, ಅಭಿಮಾನಿಗಳಿಗೆ ಯಾವುದು ಹೆಚ್ಚು ಚುಚ್ಚಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಐದು ಋತುಗಳಲ್ಲಿ 55 ಗೆಲುವು, 10 ಸೋಲು. ಅಂಥ ಕೋಚ್‌ಗೆ ಬೇರೆಡೆಯಿಂದ ಕರೆ ಬರುವುದು ಸಹಜವೆಂದು ಅವರೂ ಬಲ್ಲರು. ಅವರನ್ನು ಕೆರಳಿಸಿದ್ದು ಹೋದ ರೀತಿ. ಇದರಲ್ಲೊಂದು ವಿಪರ್ಯಾಸವೂ ಇದೆ: ಆ ತಂಡದ ‘ಸೂನರ್ಸ್’ ಎಂಬ ಹೆಸರು, 1889ರಲ್ಲಿ ಸರ್ಕಾರ ಅಲ್ಲಿನ ಭೂಮಿಯನ್ನು ವಲಸೆಗಾರರಿಗೆ ತೆರೆದಾಗ ಗೊತ್ತುಪಡಿಸಿದ ಗಳಿಗೆಗೆ ಮೊದಲೇ ಒಳನುಸುಳಿ ಜಾಗ ಹಿಡಿದವರಿಂದ ಬಂದದ್ದು. ಸಮಯಕ್ಕೆ ಮುಂಚೆ ಒಳಬಂದವರ ಹೆಸರು ಹೊತ್ತ ತಂಡವನ್ನು ಕೋಚ್ ಸಮಯಕ್ಕೆ ಮುಂಚೆ ಬಿಟ್ಟುಹೋದರು.

ರೈಲಿಯವರ ಪರವಾಗಿಯೂ ಒಂದು ಮಾತು ಹೇಳಬೇಕು. ಪ್ರೌಢಶಾಲೆ ಮುಗಿಸುತ್ತಿರುವ ಆಟಗಾರರು ಯಾವ ವಿಶ್ವವಿದ್ಯಾಲಯಕ್ಕೆ ಸೇರುತ್ತೇವೆಂದು ಸಹಿ ಹಾಕುವ ಮೊದಲ ಅವಧಿ 2017ರಿಂದ ಡಿಸೆಂಬರ್ ಮಧ್ಯಕ್ಕೆ ಬಂದಿತ್ತು. ಆ ವರ್ಷ ಅದು ಡಿಸೆಂಬರ್ 15ಕ್ಕೆ ಆರಂಭವಾಗುವುದಿತ್ತು. ಕೋಚ್ ಇಲ್ಲದ ತಂಡಕ್ಕೆ ಯಾವ ಹುಡುಗ ತಾನೆ ಸಹಿ ಹಾಕುತ್ತಾನೆ? ಹೀಗಾಗಿ ಕೋಚ್‌ನನ್ನು ಹುಡುಕುತ್ತಿದ್ದ ವಿಶ್ವವಿದ್ಯಾಲಯಗಳು ಬೌಲ್ ಪಂದ್ಯ ಮುಗಿಯುವವರೆಗೆ ಕಾಯುವ ಸ್ಥಿತಿಯಲ್ಲಿರಲಿಲ್ಲ. ತಪ್ಪಿನ ದೊಡ್ಡ ಪಾಲು ಪಂಚಾಂಗದ್ದೇ ಎಂಬುದು ನನ್ನ ಎಣಿಕೆ. ಆದರೆ ಪಂಚಾಂಗವನ್ನು ಬೈದರೆ ಯಾರಿಗೂ ಸಮಾಧಾನವಾಗುವುದಿಲ್ಲ; ಬೈಯುವುದಕ್ಕೆ ಒಂದು ಮುಖ ಬೇಕು.

ಆ ಹೊತ್ತಿಗೆ ಓಕ್ಲಹೋಮದವರಿಗೆ ಆಸರೆಯಾದವರು ಬಾಬ್ ಸ್ಟೂಪ್ಸ್. 1999ರಿಂದ ಹದಿನೆಂಟು ಋತುಗಳ ಕಾಲ ಇದೇ ತಂಡವನ್ನು ನಡೆಸಿ, 2000ದ ಋತುವಿನಲ್ಲಿ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟು, 2017ರಲ್ಲಿ ನಿವೃತ್ತರಾಗಿದ್ದ ಅವರು ಹಂಗಾಮಿ ಕೋಚ್ ಆಗಿ ಮರಳಿದರು. ಅವರ ಮಗನೂ ಆಗ ತಂಡದಲ್ಲಿ ಆಡುತ್ತಿದ್ದ. ಓಕ್ಲಹೋಮ ಫುಟ್‌ಬಾಲ್ ಯಾವ ಒಬ್ಬ ಕೋಚ್‌ನ ಸೃಷ್ಟಿಯೂ ಅಲ್ಲ, ತನ್ನದೂ ಅಲ್ಲ ಎಂಬರ್ಥದ ಮಾತನ್ನು ಅವರು ಆಡಿದರು. ವಾರ ಕಳೆಯುವುದರೊಳಗೆ, ಒಂದು ಕಾಲದಲ್ಲಿ ಸ್ಟೂಪ್ಸ್ ಅವರ ಸಹಾಯಕರಾಗಿದ್ದ ಬ್ರೆಂಟ್ ವೆನಬಲ್ಸ್ ಕಾಯಂ ಕೋಚ್ ಎಂದು ಗೊತ್ತಾಯಿತು. ಡಿಸೆಂಬರ್ 5ರ ರಾತ್ರಿ ಅವರ ವಿಮಾನ ವಿಶ್ವವಿದ್ಯಾಲಯವಿರುವ ನಾರ್ಮನ್ ಊರಿನ ಪುಟ್ಟ ವಿಮಾನ ನಿಲ್ದಾಣದಲ್ಲಿ ಇಳಿದಾಗ, ಚಳಿಗಾಲದ ಆ ರಾತ್ರಿಯಲ್ಲಿ ಅಭಿಮಾನಿಗಳ ದೊಡ್ಡ ಗುಂಪು ಕಾದು ನಿಂತಿತ್ತು. ದಿಬ್ಬಣದವರಿಗೆ ಮದುಮಗ ಸಿಕ್ಕಿದಂತಾಗಿತ್ತು ಎನ್ನೋಣ.

ಬೌಲ್ ಪಂದ್ಯ ನಡೆದದ್ದು ಡಿಸೆಂಬರ್ 29ರಂದು, ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದ ಅಲಮೋಡೋಮ್‌ನಲ್ಲಿ. ವೆನಬಲ್ಸ್ ಬಂದಿದ್ದರೂ ಆ ಪಂದ್ಯದಲ್ಲಿ ಓಕ್ಲಹೋಮ ತಂಡವನ್ನು ನಡೆಸಿದವರು ಸ್ಟೂಪ್ಸ್. ಎದುರಾಳಿ ಆರೆಗಾನ್ ತಂಡದ ಜೊತೆಗೂ ಕಾಯಂ ಕೋಚ್ ಇರಲಿಲ್ಲ. ಮಾರಿಯೊ ಕ್ರಿಸ್ಟೊಬಾಲ್ ತಾವು ಹುಟ್ಟಿ, ಓದಿ, ಆಡಿದ ಮಯಾಮಿಗೆ ಮರಳಿದ್ದರು. ಅವರ ಜಾಗಕ್ಕೆ ನೇಮಕವಾಗಿದ್ದ ಡ್ಯಾನ್ ಲ್ಯಾನಿಂಗ್ ಇನ್ನೂ ಜಾರ್ಜಿಯ ತಂಡದ ಕೆಲಸದಲ್ಲೇ ಇದ್ದರು. ಎರಡೂ ಕಡೆ ಹಂಗಾಮಿಗಳೇ. ರಾಷ್ಟ್ರೀಯ ಪ್ರಶಸ್ತಿಗೆ ಏನೇನೂ ಸಂಬಂಧವಿಲ್ಲದ ಈ ಪಂದ್ಯವನ್ನು ಬೇರೆ ವರ್ಷವಾಗಿದ್ದರೆ ಓಕ್ಲಹೋಮದವರು ಅರ್ಧ ಮನಸ್ಸಿನಿಂದ ನೋಡುತ್ತಿದ್ದರೇನೋ. ಆದರೆ ಆ ಸಂಜೆ ಬಿಟ್ಟುಹೋದವರಿಗೆ ಉತ್ತರ ಕೊಡುವ ಪಂದ್ಯವಾಗಿ ಅದು ಬೆಳೆದುಬಿಟ್ಟಿತ್ತು. ಅರ್ಧ ವಿರಾಮಕ್ಕೆ 30–3ರ ಮುನ್ನಡೆ. ಕೆನಡಿ ಬ್ರೂಕ್ಸ್ ಚೆಂಡು ಹಿಡಿದು 142 ಗಜ ಓಡಿ ಮೂರು ಟಚ್‌ಡೌನ್, ಅಂದರೆ ಎದುರಾಳಿಯ ಕೊನೆಯ ಗೆರೆ ದಾಟಿ ಚೆಂಡು ಒಯ್ದದ್ದಕ್ಕೆ ಸಿಗುವ ಅಂಕ, ಗಳಿಸಿದರು. ಆಮೇಲೆ ಆರೆಗಾನ್ ಚೇತರಿಸಿಕೊಂಡರೂ ಓಕ್ಲಹೋಮ 47–32ರಿಂದ ಗೆದ್ದಿತು. ಸ್ಟೂಪ್ಸ್‌ಗೆ ಅದು ಆ ತಂಡದೊಂದಿಗಿನ 191ನೆಯ ಗೆಲುವು. ಮುಗಿಸಿ ಅವರು ಮತ್ತೆ ನಿವೃತ್ತಿಗೆ ಮರಳಿದರು.

ಆ ರಾತ್ರಿ 13ನೆಯ ಸಂಖ್ಯೆಯ ಅಂಗಿ ತೊಟ್ಟು ಚೆಂಡೆಸೆಯುತ್ತಿದ್ದ ಕ್ವಾರ್ಟರ್‌ಬ್ಯಾಕ್, ಮೊದಲ ವರ್ಷದ ವಿದ್ಯಾರ್ಥಿ ಕೇಲೆಬ್ ವಿಲಿಯಮ್ಸ್. ಹಿಂದೆಲ್ಲ ವಿಶ್ವವಿದ್ಯಾಲಯ ಬದಲಿಸಿದ ಆಟಗಾರ ಸಾಮಾನ್ಯವಾಗಿ ಒಂದು ವರ್ಷ ಹೊರಗೆ ಕೂರಬೇಕಿತ್ತು. ಕೋಚ್‌ಗೆ ಮಾತ್ರ ಅಂಥ ಕಟ್ಟಳೆ ಇರಲಿಲ್ಲ. 2021ರ ಏಪ್ರಿಲ್‌ನಲ್ಲಿ ಆ ನಿಯಮ ಸಡಿಲವಾಗಿ, ಒಮ್ಮೆ ಬದಲಿಸುವ ಅವಕಾಶ ಆಟಗಾರರಿಗೂ ಸಿಕ್ಕಿತ್ತು. 2022ರ ಫೆಬ್ರವರಿ 1ರಂದು ವಿಲಿಯಮ್ಸ್ ತಾನು ಸದರ್ನ್ ಕ್ಯಾಲಿಫೋರ್ನಿಯಕ್ಕೆ, ಅಂದರೆ ರೈಲಿಯವರ ಬಳಿಗೇ, ಹೋಗುವುದಾಗಿ ತಿಳಿಸಿದ. ಅದೇ ವರ್ಷದ ಡಿಸೆಂಬರ್‌ನಲ್ಲಿ ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿಯನ್ನು ಅಲ್ಲಿಂದಲೇ ಪಡೆದ. ಅಂದು ಅಲಮೋಡೋಮ್‌ನಲ್ಲಿ ಎದ್ದುನಿಂತು ಅವನಿಗೆ ಜಯಕಾರ ಹಾಕಿದವರಿಗೆ, ಓಕ್ಲಹೋಮದ ಅಂಗಿಯಲ್ಲಿ ಅವನನ್ನು ಕಾಣುವ ಕೊನೆಯ ರಾತ್ರಿ ಅದೇ ಆಗಿತ್ತು.

ನಮಸ್ಕಾರ.