ಅಗಸಿ ಕಟ್ಟೆಯ ಮೇಲೆ ದಿನದ ಲೆಕ್ಕ

ಕೇಳುಗರಿಗೆ ನಮಸ್ಕಾರ. ಪುರುಷಪ್ರಧಾನ ವ್ಯವಸ್ಥೆ ಎಂಬ ಮಾತು ಈಗ ಪಂಚಾಯಿತಿ ತರಬೇತಿಯಲ್ಲೂ ಇದೆ, ಮೊಬೈಲಿನ ರೀಲ್ಸ್‌ನಲ್ಲೂ ಇದೆ. ರೀಲ್ಸ್‌ನಲ್ಲಿ ಅದು ಅರ್ಧ ನಿಮಿಷಕ್ಕೇ 'ಗಂಡಸರೇ ಹಿಂಗ' ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಕೇಳಿದ ಗಂಡಸು ಒಂದೋ ಫ್ರೀ ಬಸ್ಸಿನ ಜೋಕು ಹೇಳಿ ನಗುತ್ತಾನೆ, ಇಲ್ಲವೇ ಬಾಯಿ ಮುಚ್ಚಿಕೊಂಡು ಕೂರುತ್ತಾನೆ. ನಗುವವನ ಚಿಂತೆ ಬೇಡ. ಸುಮ್ಮನೆ ಕೂತವನ ಕಡೆ ಗಮನ ಇರಲಿ.

ಸಿಂಧನೂರು, ಗಂಗಾವತಿ ಕಡೆ ಗಂಡಸರನ್ನು ಕೂರಿಸಿಕೊಂಡು ಈ ವಿಷಯ ಮಾತಾಡುವ ಕಾರ್ಯಕರ್ತರಿಗೆ ಕೆಲವು ಮಾತು. ಹನ್ನೆರಡು ಹದಿನೈದು ಜನ ಸಾಕು. ಮೂವತ್ತಾದರೆ ಅದು ಭಾಷಣವಾಗುತ್ತದೆ. ಭತ್ತದ ನಾಟಿ, ಕಟಾವಿನ ದಿನಗಳನ್ನು ಬಿಡಿ. ಅಪ್ಪ-ಮಗ, ಮಾವ-ಅಳಿಯ ಒಂದೇ ಗುಂಪಿನಲ್ಲಿ ಬೇಡ, ಹಿರಿಯರೆದುರು ಕಿರಿಯರು ಬಾಯಿ ಬಿಡುವುದಿಲ್ಲ. ಅಗಸಿ ಕಟ್ಟೆಯ, ಅಂದರೆ ಊರ ಬಾಗಿಲ ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ 24 ಚೌಕ ಎಳೆಯಿರಿ, ತಾಸಿಗೊಂದು. ಮೇಲಿನ ಸಾಲು ಅವರದು. ಅದು ತುಂಬಿದ ಮೇಲೆ ಕೆಳಗೆ ಇನ್ನೊಂದು ಸಾಲು, ಮನೆಯಾಕೆಯದು. ಕೆಲಸದ ತಾಸಿಗೆ ಜೋಳದ ಕಾಳು, ವಿಶ್ರಾಂತಿಗೆ ಹುಣಸೆ ಬೀಜ. ನಸುಕಿನ ಐದರ ಚೌಕಕ್ಕೆ ಬಂದಾಗ ತಕರಾರು ಏಳುತ್ತದೆ: ರೊಟ್ಟಿ ಬಡಿಯುವುದು ಕೆಲಸವೋ ಅಲ್ಲವೋ? ತೀರ್ಪು ಕೊಡಬೇಡಿ. 'ಖಾನಾವಳಿಯಾಗ ರೊಟ್ಟಿ ಬಡಿಯೋರಿಗೆ ಪಗಾರ ಕೊಡ್ತಾರೋ ಇಲ್ಲೋ?' ಎಂದು ಕೇಳಿ ಸುಮ್ಮನಿರಿ. ಕಾಳು ಅವರೇ ಇಡಲಿ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಪಗಾರವಿಲ್ಲದೆ ಮನೆಗೆಲಸ ಮಾಡುವವರ ಪೈಕಿ ಹೆಂಗಸರದು ದಿನಕ್ಕೆ 289 ನಿಮಿಷ, ಗಂಡಸರದು 88. ಈ ಅಂಕಿಯನ್ನು ಮೊದಲೇ ಹೇಳಿದರೆ ಬೈದಂತೆ ಕೇಳಿಸುತ್ತದೆ. ಕಾಳು ಇಟ್ಟ ಮೇಲೆ ಹೇಳಿದರೆ ಅವರ ಲೆಕ್ಕಕ್ಕೇ ತಾಳೆಯಾಗುತ್ತದೆ.

ಆಮೇಲೆ ಗಂಡಸಿನ ಹೊರೆಗೆ ಬನ್ನಿ. ತರಬೇತಿಗಳಲ್ಲಿ ಬಿಟ್ಟುಹೋಗುವುದು ಇದೇ. ಸಾಲ ಯಾರ ಹೆಸರಲ್ಲಿದೆ? ಮೆಣಸಿನಕಾಯಿ ದರ ಬಿದ್ದಾಗ ಮನೆಯಲ್ಲಿ ಬಾಯಿಬಿಟ್ಟು ಹೇಳಿದಿರಾ? 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರಲ್ಲಿ ನೂರಕ್ಕೆ ಸುಮಾರು 72 ಮಂದಿ ಗಂಡಸರು ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ. ಕಾರಣ ಒಂದೇ ಅಲ್ಲ, ನಿಜ. ಆದರೆ ಕಷ್ಟ ಹೇಳಿಕೊಂಡರೆ ಗಂಡಸುತನಕ್ಕೆ ಕಡಿಮೆ ಎಂದು ಕಲಿಸಿದ್ದೂ ಇದೇ ವ್ಯವಸ್ಥೆ. ಇಷ್ಟು ಹೇಳಿದ ತಕ್ಷಣ 'ಹಂಗಾರ ನಮ್ಮ ಕಷ್ಟನೇ ದೊಡ್ಡದು' ಎಂದು ಒಬ್ಬರಾದರೂ ಎದ್ದು ನಿಲ್ಲುತ್ತಾರೆ. ಅಲ್ಲಿ ಮೆತ್ತಗಾಗಬೇಡಿ. ತಲೆಯ ಮೇಲೆ ಸಾಲ ಇದೆಯೆಂದು ಹೆಂಡತಿಯ ಮೇಲೆ ಕೈ ಮಾಡಿದ್ದು ಸರಿಯಾಗುವುದಿಲ್ಲ.

ಸಭೆ ಮುಗಿದರೂ ಏಳದೆ ಚಪ್ಪಲಿ ಹುಡುಕುತ್ತಾ ಉಳಿಯುವವರು ಇರುತ್ತಾರೆ. ಅವರನ್ನು ಎಲ್ಲರೆದುರು ಮಾತಾಡಿಸದೆ ಪಕ್ಕಕ್ಕೆ ಕರೆಯಿರಿ. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರ ನಡೆಸುವ ಟೆಲಿ ಮಾನಸ್ ಸಹಾಯವಾಣಿಯ 14416 ನಂಬರನ್ನು ಅವರ ಫೋನಿನಲ್ಲೇ ಸೇವ್ ಮಾಡಿಕೊಡಿ. ಅದು ಉಚಿತ; ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು.