ಮೊದಲ ಕಾಳು ತಗೋರಿ, ಆಮ್ಯಾಲೆ ಉಳದದ್ದು

ನಮಸ್ಕಾರ್ರಿ ಎಲ್ಲಾರಿಗೂ. ಇವತ್ತ ಅಡಗಿ ತೋರಸಾಂಗಿಲ್ಲ, ಒಲಿ ಹಚ್ಚಿಲ್ಲ. ಸುಮ್ನ ಕುಂತು ಮಾತಾಡಾಕ ಬಂದೀನಿ, ಯಾಕಂದ್ರ ಮೊನ್ನಿಂದ ಹೊಟ್ಯಾಗ ಒಂದು ಸಂಕಟ ಕುಂತೈತಿ, ಅದನ್ನ ನಿಮ್ಮ ಮುಂದ ಹೇಳದ ಹೊರತು ನನಗ ನಿದ್ದಿ ಬರಾಂಗಿಲ್ಲ.

ನಮ್ಮಕ್ಕನ ಮಗ ಒಬ್ಬಾಂವ ಇಲ್ಲೇ ವಿಜಯಪುರದಾಗ ರೂಮ್ ಮಾಡ್ಕೊಂಡು ಪೊಲೀಸ್ ಪರೀಕ್ಷಾಕ್ಕ ಓದಾಕತ್ತಾನ. ಶಾಣ್ಯಾ ಹುಡುಗ. ಓಡೂದು, ಜಿಮ್ಮಿಗೆ ಹೋಗೂದು ಎಲ್ಲಾ ಶುರು ಮಾಡ್ಯಾನ. ಮೊನ್ನೆ ಮನಿಗೆ ಬಂದ, ಚಾ ಕುಡದ, ಆಮ್ಯಾಲೆ ತಲಿ ತಗ್ಗಿಸಿ, "ಚಿಗವ್ವಾ, ಒಂದೆರಡ್ ಸಾವಿರ ಇದ್ರ ಕೊಡ, ಡಯಟ್ ಶುರು ಮಾಡಬೇಕು, ಅಪ್ಪಗ ಕೇಳಾಕ ಅಂಜಿಕಿ" ಅಂದ. ಏನ್ ಡಯಟ್ ಅದು ತೋರಸು ಅಂದ್ರ ಕಿಸೆದಾಗಿಂದ ಒಂದು ಚೀಟಿ ತೆಗದ. ಜಿಮ್ಮಿನಾಗ ಯಾರೋ ಬರದ ಕೊಟ್ಟಾರ. ಓಟ್ಸ್, ಕಿನೋವಾ, ಬ್ರೊಕೋಲಿ, ಆಲಿವ್ ಎಣ್ಣಿ, ಬದಾಮಿ ಹಾಲು, ಪೀನಟ್ ಬಟರ್, ಮ್ಯಾಲೆ ಒಂದು ಪ್ರೋಟೀನ್ ಡಬ್ಬಿ. ಆ ಡಬ್ಬಿನೇ ಎರಡ್ ಸಾವಿರದ ಮ್ಯಾಲೆ.

ಇವರಪ್ಪ ಊರಾಗ ಎರಡೆಕರೆ ತೊಗರಿ ಬೆಳಿತಾನ್ರಿ! ಮನಿ ಪಡಸಾಲ್ಯಾಗ ಕಡ್ಲಿ ಚೀಲ ಇಟ್ಕೊಂಡ ಮನಿ ಹುಡುಗ, ಡಬ್ಬಿ ತರಾಕ ಸಾಲ ಕೇಳಾಕ ಬಂದಾನ. ನನಗ ಆ ಹುಡುಗನ ಮ್ಯಾಲೆ ಸಿಟ್ಟಿಲ್ಲ. ಚಲೋದು ತಿನ್ನಬೇಕಂದ್ರ ರೊಕ್ಕ ಭಾಳ ಬೇಕು ಅಂತ ಅವನ ತಲ್ಯಾಗ ತುಂಬ್ಯಾರಲ್ಲ, ಅದರ ಮ್ಯಾಲೆ ಸಿಟ್ಟು.

ಅದಕ್ಕ ನಾ ಹೇಳೂದು ಒಂದ ಮಾತು. ಸಂತಿಗೆ ಹೋಗ್ರಿ, ಕಿರಾಣಿ ಅಂಗಡಿಗೆ ಹೋಗ್ರಿ, ಚೀಟಿ ಬರೀವಾಗ ಮೊದಲ ಸಾಲಿನಾಗ ಕಾಳು ಬರೀರಿ. ಮೊದಲ ಕಾಳು ತಗೋರಿ, ಆಮ್ಯಾಲೆ ಉಳದದ್ದು.

ಹೆಂಗ ಅಂತ ಲೆಕ್ಕಾ ಹಾಕೂಣು, ಪೆನ್ನಿದ್ರ ತಗೋರಿ. ಹೈದರಾಬಾದಿನಾಗ ರಾಷ್ಟ್ರೀಯ ಪೋಷಣ ಸಂಸ್ಥೆ ಅಂತ ಐತಿ, ದೇಶದ ಊಟದ ಲೆಕ್ಕಾ ಎಲ್ಲಾ ಅವರ ಹಾಕೂದು. ಅವರು 2024ರಾಗ ಹೊಸಾ ಮಾರ್ಗಸೂಚಿ ತಂದಾರ, ಅದರಾಗ ಎರಡ್ ಸಾವಿರ ಕ್ಯಾಲರಿ ಊಟಕ್ಕ ಕಾಳು-ಬ್ಯಾಳಿ ದಿನಕ್ಕ 85 ಗ್ರಾಂ ಹಿಡದಾರ. ಮೊಟ್ಟಿ, ಮೀನ ತಿನ್ನೋರು ಅವನೂ ಇದರಾಗ ಹಿಡಕೋಬಹುದು. 85 ಅಂದ್ರ ತಿಂಗಳಿಗೆ ಒಬ್ಬರಿಗೆ ಎರಡೂವರಿ ಕಿಲೋ. ನಾಕ ಮಂದಿ ಮನಿಗೆ ಹತ್ತು ಕಿಲೋ. ಹೆಸರು, ಮಡಕಿ, ಕಡ್ಲಿ, ಹುಳ್ಳಿ, ಅಲಸಂದಿ ಎಲ್ಲಾ ಕೂಡಿಸಿ ಹೆಚ್ಚು ಕಡಿಮಿ ಕಿಲೋಕ್ಕ ನೂರು ರೂಪಾಯಿ ಹಿಡೀರಿ. ಸಾವಿರ ರೂಪಾಯಿ ಆತು. ಗೃಹಲಕ್ಷ್ಮಿ ಎರಡ್ ಸಾವಿರ ಬಂದ ತಿಂಗಳ ಅದರಾಗಿನ ಅರ್ಧ. ಇಡೀ ಮನಿ ಮಂದಿಗೆ, ಇಡೀ ತಿಂಗಳಿಗೆ!

ಈಗ ನೀವು ನಿಮ್ಮ ಮನ್ಯಾಗ ಕಾಳು ಎಷ್ಟು ಬರತಾವ ಅನ್ನೂದು ನೆನಪ ಮಾಡ್ಕೋರಿ. ನಾ ನೋಡಿದ ಮನಿಗಳಾಗ ನಾಕ ಮಂದಿಗೆ ತಿಂಗಳಿಗೆ ಎರಡು ಕಿಲೋ ತೊಗರಿ ಬ್ಯಾಳಿ, ಅರ್ಧ ಕಿಲೋ ಹೆಸರುಕಾಳು, ಮುಗೀತು. ರೇಷನ್ ಅಕ್ಕಿ ಬರತೈತಿ, ಅನ್ನ ರಾಶಿ ಹಾಕೂದು, ಮ್ಯಾಲೆ ನೀರಿನಂಥಾ ಸಾರು, ಬ್ಯಾಳಿ ಎಲ್ಲೈತಿ ಅಂತ ಸೌಟು ಹಾಕಿ ಹುಡುಕಬೇಕು. ಹೊಟ್ಟಿ ತುಂಬತೈತಿ ಖರೆ, ಆದ್ರ ಮೈಗೆ ಹತ್ತಾಂಗಿಲ್ಲ. ಮಧ್ಯಾಹ್ನ ಉಂಡು ನಾಕಕ್ಕ ಮತ್ತ ಹಸಿವಿ, ಆವಾಗ ಬಿಸ್ಕೀಟು, ಚಾ, ಹತ್ತು ರೂಪಾಯಿ ಪ್ಯಾಕೆಟ್ಟು. ಅದ ಮಾರ್ಗಸೂಚ್ಯಾಗ ಅಕ್ಕಿ, ಗೋದಿಯಂಥಾ ಧಾನ್ಯದಿಂದ ಬರೋ ಕ್ಯಾಲರಿ 45 ಪರ್ಸೆಂಟ್ ದಾಟಬಾರದು ಅಂತ ಹೇಳ್ಯಾರ. ನಮ್ಮ ತಾಟಿನಾಗ ಬರೇ ಬೆಳ್ಳಗನ ಅನ್ನದ ಗುಡ್ಡ.

ಹಂಗಾರ ಆ ಹುಡುಗಂದು ಲೆಕ್ಕಾ ಮಾಡೂಣು. 65 ಕಿಲೋ ಗಂಡಸಿಗೆ ದಿನಕ್ಕ ಪ್ರೋಟೀನ್ ಬೇಕಾಗೂದು 54 ಗ್ರಾಂ, ಇದೂ ಅದ ಸಂಸ್ಥೆ ಹೇಳಿದ್ದು. ಒಂದು ರೊಟ್ಟಿಗೆ ಐವತ್ತು ಗ್ರಾಂ ಜ್ವಾಳದ ಹಿಟ್ಟು ಹಿಡದ್ರ, ಎರಡೂ ಹೊತ್ತು ಕೂಡಿ ಐದು ರೊಟ್ಟಿ, 25 ಗ್ರಾಂ ಅಲ್ಲೇ ಬಂತು. 85 ಗ್ರಾಂ ಹೆಸರುಕಾಳಿನಾಗ 19 ಗ್ರಾಂ. ಒಂದು ಹಿಡಿ ಶೇಂಗಾ, ಇಲ್ಲಾ ಊಟದ ಮಗ್ಗಲಕ್ಕ ಶೇಂಗಾ ಹಿಂಡಿ, ಅಂದ್ರ ಶೇಂಗಾ ಚಟ್ನಿಪುಡಿ, ಅದೊಂದು ಆರೇಳು ಗ್ರಾಂ. ಮ್ಯಾಲೆ ವಾಟಗಾ ಮಸರು. ಆತಲ್ಲ! ಜಿಮ್ಮಿಗೆ ಹೊಂಟೀನಿ, ಇನ್ನೂ ಬೇಕು ಅಂತಿಯಾ, ಎರಡು ಮೊಟ್ಟಿ ಕುದಿಸಿ ತಿನ್ನು, 12 ಗ್ರಾಂ. ಡಬ್ಬಿ ಎದಕ್ಕ ಬೇಕೋ ತಮ್ಮಾ? ಮೈ ಕಟ್ಟಾಕಂತ ಪ್ರೋಟೀನ್ ಪೌಡರ್ ತಗೋಬ್ಯಾಡ್ರಿ ಅಂತ ಅದ 2024ರ ಮಾರ್ಗಸೂಚ್ಯಾಗನೂ ಐತಿ.

ಇನ್ನೊಂದು ಮಾತು, ಇದು ನನಗ ಭಾಳ ಸೇರೂದು. ಜ್ವಾಳದಾಗ ಲೈಸಿನ್ ಅನ್ನೂದೊಂದು ಕಡಿಮಿ ಇರತೈತಿ, ಪ್ರೋಟೀನ್ ಪೂರಾ ಆಗಾಕ ಅದು ಬೇಕು. ಕಾಳಿನಾಗ ಅದು ಭರ್ತಿ ಇರತೈತಿ. ಕಾಳಿನಾಗ ಕಡಿಮಿ ಇದ್ದದ್ದು ಜ್ವಾಳದಾಗ ಸಿಗತೈತಿ. ರೊಟ್ಟಿ ಮುರದು ಮಡಕಿಕಾಳ ಪಲ್ಯ ಹಚ್ಚಿದಿರಿ ಅಂದ್ರ ಎರಡೂ ಒಂದನ್ನೊಂದು ತುಂಬಕೊಂತಾವ. ನಮ್ಮ ಮುತ್ಯಾ, ಆಯಿ ಇದನ್ನ ಯಾವ ಚೀಟಿನೂ ನೋಡಿ ಕಲೀಲಿಲ್ಲ, ಹೊಲದಾಗ ದುಡದು ಬಂದ ಮೈಗೆ ಯಾವುದು ಹತ್ತತೈತಿ ಅಂತ ಉಂಡು ಉಂಡು ತಿಳಕೊಂಡವರು. ಎಳ್ಳ ಅಮವಾಸಿಗೆ ಚರಗ ಚೆಲ್ಲಾಕ, ಅಂದ್ರ ಭೂಮಿತಾಯಿಗೆ ಎಡಿ ಕೊಡಾಕ, ಹೊಲಕ್ಕ ಹೋದಾಗ ಬುತ್ತಿ ಬಿಚ್ಚಿ ನೋಡ್ರಿ, ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಕಾಳ ಪಲ್ಯ, ಬದನಿಕಾಯಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಮಸರು. ಆ ಬುತ್ತಿಗಿಂತ ಚಲೋ ಡಯಟ್ ಯಾರರ ಬರದು ತಂದ್ರ ನಾನ ಅವರಿಗೆ ಸನ್ಮಾನ ಮಾಡತೀನಿ!

ಹಾಂ, ಮಾತಿನಾಗ ಮರತೆ. ಪುಂಡಿ ಪಲ್ಯಕ್ಕ ತೊಗರಿ ಬ್ಯಾಳಿ, ಜ್ವಾಳದ ನುಚ್ಚು ಹಾಕಿ ಕುದಿಸೂದು ಹೋದ ತಿಂಗಳ ತೋರಿಸೀನಿ, ನೋಡದವರು ನೋಡ್ರಿ, ಚಾನಲ್ ಸಬ್‌ಸ್ಕ್ರೈಬ್ ಮಾಡದವರು ಮಾಡ್ರಿ. ನಿಮ್ಮ ಸಬ್‌ಸ್ಕ್ರೈಬಿನಿಂದನ ಮುಂದಿನ ವಿಡಿಯೋ ಮಾಡಾಕ ಹುರುಪು ಬರತೈತಿ.

ಈಗ ಮಂದಿ ಏನಂತಾರ, ಅದೂ ಗೊತ್ತೈತಿ ನನಗ.

"ಅಕ್ಕಾರ, ಕಾಳು ತಿಂದ್ರ ಗ್ಯಾಸ್ ಆಗತೈತಿ." ನೆನಿ ಹಾಕದ ತಿಂದ್ರ ಆಗದ ಏನಾಗತೈತಿ? ರಾತ್ರಿ ನೆನಿ ಹಾಕ್ರಿ, ಮುಂಜಾನೆ ಆ ನೀರು ಚೆಲ್ಲ್ರಿ, ಅರಿವ್ಯಾಗ ಕಟ್ಟಿ ಮೊಳಕಿ ಬರಸ್ರಿ, ಒಗ್ಗರಣಿಗೆ ಇಂಗು, ಅಜವಾನ ಹಾಕ್ರಿ. ಮೊದಲ ವಾರ ಸ್ವಲ್ಪ ತಿನ್ರಿ, ಹೊಟ್ಟಿ ರೂಢಿ ಆಗತೈತಿ. ಮೊಳಕಿ ಬಂದ ಕಾಳಿನಾಗ ಕಬ್ಬಿಣದಂಶನೂ ಮೈಗೆ ಚಲೋ ಹತ್ತತೈತಿ. ಅದರ ಮ್ಯಾಲೆ ಅರ್ಧ ಲಿಂಬಿಹಣ್ಣು ಹಿಂಡ್ರಿ, ಇನ್ನೂ ಚಲೋ. ನಮ್ಮ ಇಂಡಿ ಲಿಂಬಿಗೆ 2023ರಾಗ ಜಿಐ ಟ್ಯಾಗ್, ಅಂದ್ರ ಇದು ಈ ಊರಿಂದ ಅನ್ನೂ ಸರಕಾರಿ ಗುರುತು, ಬಂದೈತಿ, ಮಗ್ಗಲ ತಾಲೂಕಿನ ಹಣ್ಣು, ಅದನ್ನ ಬಿಟ್ಟು ಡಬ್ಬ್ಯಾಗಿನ ವಿಟಮಿನ್ ನುಂಗತೀವಿ. ಉಂಡ ಕೂಡ್ಲೆ ಚಾ ಮಾತ್ರ ಕುಡಿಬ್ಯಾಡ್ರಿ, ಚಾ ಆ ಕಬ್ಬಿಣದಂಶ ಮೈಗೆ ಹತ್ತಗೊಡಾಂಗಿಲ್ಲ, ಒಂದು ತಾಸು ತಡೀರಿ. ಕಿಡ್ನಿ ತೊಂದ್ರಿ ಇದ್ದವರು ಮಾತ್ರ ನಿಮ್ಮ ಡಾಕ್ಟರ್ ಹೇಳಿದಷ್ಟ ತಿನ್ರಿ, ಅಲ್ಲಿ ನನ್ನ ಮಾತು ನಡ್ಯಾಂಗಿಲ್ಲ.

"ಕಾಳು ತುಟ್ಟಿ ಆಗ್ಯಾವ." ಆಗ್ಯಾವ, ಇಲ್ಲಂತೇನ ಅನ್ನಾಂಗಿಲ್ಲ. ಆದ್ರ ಮನ್ಯಾಗ ಎರಡು ಹುಡುಗರು ಇದ್ರ ದಿನಾ ಹತ್ತ ಹತ್ತು ರೂಪಾಯಿ ಪ್ಯಾಕೆಟ್ಟು ಕೊಡಸ್ತೀರಲ್ಲ, ತಿಂಗಳಿಗೆ ಆರ ನೂರು. ಆರು ಕಿಲೋ ಕಾಳು ಆತದು! ಗಾಳಿ ತುಂಬಿದ ಪ್ಯಾಕೆಟ್ಟಿಗೆ ಆರ ನೂರು ತುಟ್ಟಿ ಅಲ್ಲ, ಕಾಳು ತುಟ್ಟಿ? ಮೊದಲ ಕಾಳು ತಗೋರಿ, ಆಮ್ಯಾಲೆ ರೊಕ್ಕ ಉಳದ್ರ ಪ್ಯಾಕೆಟ್ಟಿನ ಮಾತು. ಸುಗ್ಗ್ಯಾಗ ತಗೊಂಡ್ರ ಇನ್ನೂ ಸೋವಿ. ತೊಗರಿ, ಕಡ್ಲಿ ರಾಶಿ ಆಗೂ ಹೊತ್ತಿನಾಗ ಓಣ್ಯಾಗ ನಾಕ ಮನಿಯವರು ಕೂಡಿ ಎಪಿಎಂಸಿಗೆ ಹೋಗಿ ಒಂದು ಚೀಲ ತಗೊಂಡು ಹಂಚ್ಕೋರಿ. ಬಿಸಲಿಗೆ ಚಲೋತಂಗ ಒಣಗಿಸಿ, ಒಣ ಬೇವಿನ ಎಲಿ ಹಾಕಿ ಡಬ್ಬ್ಯಾಗ ತುಂಬ್ರಿ, ಹುಳ ಬೀಳಾಂಗಿಲ್ಲ. ನಾವು ನಾಕ ಮಂದಿ ಹೆಣ್ಣಮಕ್ಕಳು ಹಿಂಗ ಮಾಡಾಕತ್ತು ಮೂರು ವರ್ಷ ಆತು.

"ಓಟ್ಸಿನಾಗ ನಾರಿನಂಶ ಹೆಚ್ಚು." ನೂರು ಗ್ರಾಂ ಜ್ವಾಳದಾಗನೂ ನಾರಿನಂಶ ಹತ್ತು ಗ್ರಾಂ ಐತಿ, ಓಟ್ಸಿನಾಗನೂ ಹೆಚ್ಚು ಕಡಿಮಿ ಅಷ್ಟ. ನಮ್ಮ ಡೋಣಿ ಹೊಳಿ ಮ್ಯಾಲೆ, ಡೋಣಿ ಹರದ್ರ ಓಣೆಲ್ಲ ಜ್ವಾಳ ಅಂತ ಗಾದಿ ಇರೂ ನಾಡಿನಾಗ ಕುಂತು ಓಟ್ಸ್, ಓಟ್ಸ್ ಅಂತೀರಲ್ಲ! ನಮ್ಮ ಕಡಿ ಬೆಳಿಯೂ ಮಾಲ್ದಂಡಿ ಅನ್ನೂ ಜಾತಿ ಜ್ವಾಳಕ್ಕ 2024-25ರಾಗ ಸರಕಾರ ಹಚ್ಚಿದ ಬೆಂಬಲ ಬೆಲಿ ಕ್ವಿಂಟಲ್ಲಿಗೆ 3,421 ರೂಪಾಯಿ, ಕಿಲೋಕ್ಕ 34 ಆತು. ರೈತ 34ಕ್ಕ ಕೊಟ್ಟದ್ದನ್ನ ಚಂದನ ಡಬ್ಬ್ಯಾಗ ಹಾಕಿ, ಮ್ಯಾಲೆ ಮಿಲೆಟ್ ಅಂತ ಬರದು, ಮೂರು ನಾಕು ಪಟ್ಟು ರೇಟಿಗೆ ಮಾರಿದ್ರ ನಾವ ಲೈನ್ ಹಚ್ಚಿ ತಗೋತೀವಿ.

"ರೊಟ್ಟಿ ಬಡ್ಯಾಕ ಟೈಮಿಲ್ಲ." ಇದು ಖರೆ ಮಾತು, ಹೊರಗ ದುಡಿಯೂ ಹೆಣ್ಣಮಕ್ಕಳ ತ್ರಾಸು ನನಗ ಗೊತ್ತೈತಿ, ಆದ್ರ ರೊಟ್ಟಿ ಹೆಣ್ಣಮಕ್ಕಳ ಬಡೀಬೇಕಂತ ಎಲ್ಲಿ ಬರದಾರ್ರಿ? ಗಂಡಸರು ಕಲೀಲಿ. ಇಲ್ಲಾ ಖಡಕ್ ರೊಟ್ಟಿ ತಗೋರಿ, ಊರ ತುಂಬ ಹೆಣ್ಣಮಕ್ಕಳು ಮನ್ಯಾಗ ಬಡದು ಮಾರತಾರ, ಅವರಿಗೂ ನಾಕು ದುಡ್ಡು ಸಿಗತಾವ, ನಿಮ್ಮ ಮನ್ಯಾಗ ಹದಿನೈದು ದಿನ ಕೆಡಾಂಗಿಲ್ಲ. ಕಾಳು ಕುಕ್ಕರಿಗೆ ಹಾಕಿದ್ರ ಮೂರು ಸೀಟಿ. ಮೊಬೈಲ್ ನೋಡಾಕ ಟೈಮ್ ಐತಿ, ಮೂರು ಸೀಟಿಗೆ ಟೈಮ್ ಇಲ್ಲ!

ತಪ್ಪಲ ಪಲ್ಯದ್ದು ಹೆಚ್ಚಿಗಿ ಹೇಳಾಂಗಿಲ್ಲ. ಸಂಜಿ ಮುಂದ ಸಂತಿಗೆ ಹೋಗ್ರಿ, ಮೆಂತ್ಯೆ, ರಾಜಗಿರಿ, ಪುಂಡಿ, ಹತ್ತರಕಿ ಸಿವುಡು ಸೋವಿ ಮಾಡಿ ಕೊಡತಾರ, ಚೌಕಾಶಿ ಭಾಳ ಮಾಡಬ್ಯಾಡ್ರಿ, ಅವರೂ ಮುಂಜಾನಿಂದ ಬಿಸಲಾಗ ಕುಂತಿರತಾರ. ನುಗ್ಗಿ ಸೊಪ್ಪಂತೂ ಓಣ್ಯಾಗ ಯಾರರ ಮನಿ ಮುಂದ ಇದ್ದ ಇರತೈತಿ, ಕೇಳಿ ಹರಕೋರಿ.

ಹುಡುಗರ ಮಾತು ಬಂದ್ರ ನನ್ನ ಕರುಳು ಚುರ್ ಅಂತೈತ್ರಿ. ನಮ್ಮ ವಿಜಯಪುರ ಸೇರಿ ಏಳು ಜಿಲ್ಲಾದ ಸಾಲಿಗೋಳಿಗೆ 2021ರ ಡಿಸೆಂಬರದಾಗ ಬಿಸಿಯೂಟದ ಜೋಡಿ ಮೊಟ್ಟಿ ಕೊಡಾಕ ಶುರು ಮಾಡಿದ್ರು, ಮೊಟ್ಟಿ ತಿನ್ನದವರಿಗೆ ಬಾಳಿಹಣ್ಣು. ಯಾಕ ನಮ್ಮ ಜಿಲ್ಲಾಗೋಳಿಗೆ ಮೊದಲ ಕೊಟ್ರು? ನಮ್ಮ ಕಡಿ ಹುಡುಗರು ಸೊರಗ್ಯಾರ ಅಂತ್ರಿ! ಇಷ್ಟು ತೊಗರಿ, ಕಡ್ಲಿ ಬೆಳಿಯೂ ಮಣ್ಣಿನಾಗ ಹುಟ್ಟಿದ ಹುಡುಗರು. ಕಾಳು ಲಾರಿ ಹತ್ತಿ ಬ್ಯಾರೆ ಊರಿಗೆ ಹೊಂಟಾವ, ನಮ್ಮ ಹುಡುಗರ ಕೈಯಾಗ ಪ್ಯಾಕೆಟ್ಟು. ನೀವ ಹೇಳ್ರಿ, ನಾ ಇದನ್ನ ನೋಡಿ ಸುಮ್ನ ಕುಂದ್ರಬೇಕೇನು?

ಮೊದಲ ಕಾಳು! ಸಕ್ಕರಿಗಿಂತ ಮೊದಲ, ಬಿಸ್ಕೀಟಿಗಿಂತ ಮೊದಲ, ಚಾಪುಡಿಗಿಂತನೂ ಮೊದಲ! ಚಾಪುಡಿಗಿಂತ ಮೊದಲ ಅಂದ್ರ ನಮ್ಮ ಮನಿಯವರು ಸಿಟ್ಟಾಗತಾರ, ಆಗಲಿ. "ದಿನಾ ಅದ ಕಾಳು ಅಂದ್ರ ಬ್ಯಾಸರಾ ಬರತೈತಿ" ಅಂತಾರ ಕೆಲವರು. ದಿನಾ ಅದ ಅನ್ನ ತಿಂದು ಬ್ಯಾಸರಾ ಬರಲಿಲ್ಲ, ಕಾಳಿಗೆ ಬಂತು! ಸೋಮವಾರ ಹೆಸರು, ಮಂಗಳವಾರ ಮಡಕಿ, ಬುಧವಾರ ಕಡ್ಲಿ ಹಿಟ್ಟಿನ ಝುಣಕ, ಗುರುವಾರ ಹುಳ್ಳಿ ಸಾರು, ಶುಕ್ರವಾರ ಅಲಸಂದಿ, ಎಲ್ಲಿ ಬ್ಯಾಸರಾ? ನನಗ ಬ್ಯಾಸರಾ ಆಗೇ ಇಲ್ಲ, ನಲವತ್ತಾರು ವರ್ಷದಿಂದ ತಿನ್ನಾಕತ್ತೀನಿ. ಇನ್ನೇನು ಹೇಳ್ಲಿ, ಕಾಳು ತಗೋರಿ ಅಷ್ಟ. ನಾಕು ಮಂದಿಗೆ ಹೇಳ್ರಿ, ಈ ವಿಡಿಯೋ ನಿಮ್ಮ ಅಕ್ಕ ತಂಗ್ಯಾರ ವಾಟ್ಸ್ಯಾಪ್ ಗ್ರೂಪಿಗೆ ಕಳಸ್ರಿ, ರೂಮಿನಾಗ ಇರೂ ನಿಮ್ಮ ಮಕ್ಕಳಿಗೆ ಕಳಸ್ರಿ. ಮುಂದಿನ ವಾರ ರೂಮ್ ಹುಡುಗರಿಗಂತನ ಒಂದ ಕುಕ್ಕರಿನಾಗ ಕಾಳ ಪಲ್ಯ ಮಾಡೂದು ತೋರಸ್ತೀನಿ, ಬೆಲ್ ಒತ್ತಿ ಇಟ್ಕೋರಿ.

ಹುಡುಗಗ ರೊಕ್ಕ ಕೊಡಲಿಲ್ಲ ನಾನು. ಎರಡು ಕಿಲೋ ಮಡಕಿ, ಒಂದು ಕಿಲೋ ಶೇಂಗಾ, ಒಂದು ಡಬ್ಬಿ ಅಗಸಿ ಹಿಂಡಿ ಕಟ್ಟಿ ಕೊಟ್ಟೀನಿ. ಮಾರಿ ಸಣ್ಣದು ಮಾಡ್ಕೊಂಡು ತಗೊಂಡು ಹೋದ. ನಿನ್ನಿ ರಾತ್ರಿ ಹತ್ತಕ್ಕ ಫೋನ್ ಹಚ್ಚಿ, "ಚಿಗವ್ವಾ, ಮಡಕಿ ಎಷ್ಟು ತಾಸು ನೆನಿಬೇಕು?" ಅಂತ ಕೇಳಿದ. ಎಂಟು ತಾಸು ಅಂತ ಹೇಳೀನಿ.