ಮೂರೇ ಮಕ್ಕಳು, ಅದರಲ್ಲಿ ಒಂದೇ ಕೂಸು

ಕೇಳುಗರಿಗೆ ನಮಸ್ಕಾರ.

ಮಗಳೋ ಸೊಸೆಯೋ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದರೆ ಈ ಮಾತು ನಿಮ್ಮ ಮನೆಯಲ್ಲೂ ಬಂದಿರುತ್ತದೆ. ಹೆರಿಗೆ ರಜೆ ಮುಗಿಯಿತು. ಬಾಣಂತನಕ್ಕೆ ಹೋದ ಅಮ್ಮನ ಆರು ತಿಂಗಳ ವೀಸಾನೂ ಮುಗಿಯಿತು. ಇನ್ನು ಮಗು ನೋಡಿಕೊಳ್ಳೋರು ಯಾರು? ನರ್ಸರಿ ಒಂದು ದಾರಿ. ಇನ್ನೊಂದು ಚೈಲ್ಡ್‌ಮೈಂಡರ್. ತನ್ನ ಮನೆಯಲ್ಲೇ ಬೇರೆಯವರ ಮಕ್ಕಳನ್ನು ದುಡ್ಡು ತಗೊಂಡು ನೋಡಿಕೊಳ್ಳುವವರು. ಈ ಕೆಲಸದಲ್ಲಿ ಹೆಂಗಸರೇ ಜಾಸ್ತಿ. ಹುಡುಕಿಕೊಂಡು ಹೋದರೆ ಎಷ್ಟೋ ಕಡೆ ಸಿಗುವ ಉತ್ತರ, "ಸಾರಿ, ಜಾಗ ಇಲ್ಲ." ನೋಡಿದರೆ ಮನೆ ದೊಡ್ಡದಿದೆ, ಹಿಂದೆ ತೋಟ ಇದೆ, ಒಳಗಿರುವುದು ಮೂರೇ ಮಕ್ಕಳು. ಜಾಗ ಯಾಕಿಲ್ಲ?

ಯಾಕೆಂದರೆ ಅಲ್ಲಿ ಲೆಕ್ಕ ಹಾಕುವುದು ಕೋಣೆಗಳನ್ನಲ್ಲ, ಮಕ್ಕಳ ವಯಸ್ಸನ್ನು. ಇಂಗ್ಲೆಂಡಿನಲ್ಲಿ ಒಬ್ಬ ಚೈಲ್ಡ್‌ಮೈಂಡರ್ ಎಂಟು ವರ್ಷದೊಳಗಿನ ಆರು ಮಕ್ಕಳನ್ನು ಮಾತ್ರ ನೋಡಿಕೊಳ್ಳಬಹುದು. ಆ ಆರರಲ್ಲಿ ಚಿಕ್ಕ ಮಕ್ಕಳು ಮೂರಕ್ಕಿಂತ ಜಾಸ್ತಿ ಇರುವಂತಿಲ್ಲ. ಆ ಮೂರರಲ್ಲಿ ಒಂದು ವರ್ಷ ತುಂಬದ ಕೂಸು ಒಂದೇ. ಚಿಕ್ಕ ಮಗು ಅಂದರೆ ಐದು ತುಂಬಿದ ಮೇಲೆ ಬರುವ ಸೆಪ್ಟೆಂಬರ್ 1ರವರೆಗೆ ಅಂತ ಅರ್ಥ. ಅಲ್ಲಿನ ಶಾಲೆಯ ವರ್ಷ ಸೆಪ್ಟೆಂಬರಿಗೆ ಶುರುವಾಗುತ್ತದಲ್ಲ, ಅದಕ್ಕೆ ಆ ತಾರೀಖು. ನಾಲ್ಕು ವರ್ಷಕ್ಕೇ ಶಾಲೆ ಸೇರಿದ ಮಗು ಇಡೀ ದಿನ ಅಲ್ಲೇ ಕಳೆದು, ಬೆಳಿಗ್ಗೆ ಸಂಜೆ ಮಾತ್ರ ಇವರ ಮನೆಗೆ ಬರುವುದಾದರೆ ಅದನ್ನು ದೊಡ್ಡ ಮಕ್ಕಳ ಸಾಲಿಗೆ ಸೇರಿಸಿಕೊಳ್ಳಬಹುದು.

ಈಗ ಬರುತ್ತದೆ ನೋಡಿ ನನಗೆ ಇಡೀ ಕಾನೂನಿನಲ್ಲೇ ಹಿಡಿಸಿದ ಮಾತು. ಚೈಲ್ಡ್‌ಮೈಂಡರ್‌ನ ಸ್ವಂತ ಮಕ್ಕಳೂ ಈ ಲೆಕ್ಕದಲ್ಲಿ ಬರುತ್ತಾರೆ. ಅವಳಿಗೇ ಮೂರು ವರ್ಷದ ಮಗನಿದ್ದರೆ ಹೊರಗಿನ ಚಿಕ್ಕ ಮಕ್ಕಳಿಗೆ ಉಳಿಯುವುದು ಎರಡೇ ಜಾಗ. "ನನ್ನ ಮಗ ಬಿಡಿ, ಅವನ ಪಾಡಿಗೆ ಅವನು ಆಡ್ಕೊಂಡಿರ್ತಾನೆ" ಅನ್ನುವ ಹಾಗಿಲ್ಲ. ಮನೆಯಲ್ಲಿ ಅಂಥ ಮಗು ಇರುವವರಿಗೆ ಗೊತ್ತು, ಮೂರು ವರ್ಷದ ಯಾವ ಮಗುವೂ ತನ್ನ ಪಾಡಿಗೆ ತಾನು ಇರುವುದಿಲ್ಲ. ಅಮ್ಮ ಇನ್ನೊಂದು ಕೂಸನ್ನು ಎತ್ತಿಕೊಂಡಳು ಅಂದರೆ ಅದೇ ಕ್ಷಣಕ್ಕೆ ಇವನಿಗೂ ಕಂಕುಳು ಬೇಕು.

ನಾನು ರೆಡಿಂಗ್‌ನಲ್ಲಿದ್ದಾಗ ನಮ್ಮ ಬೀದಿಯಲ್ಲೇ ಒಬ್ಬರು ಚೈಲ್ಡ್‌ಮೈಂಡರ್ ಇದ್ದರು. ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ದೊಡ್ಡ ಮಕ್ಕಳನ್ನು ಶಾಲೆಯಿಂದ ಕರೆತರಲು ಹೊರಡಬೇಕು. ಮನೆಯಲ್ಲಿರುವ ಮೂರು ಚಿಕ್ಕವರನ್ನು ಬಿಟ್ಟು ಹೋಗುವಂತಿಲ್ಲವಲ್ಲ! ಮೂವರಿಗೂ ರೇನ್‌ಕೋಟು, ಆರು ಬೂಟು. ಎರಡನೆಯವನಿಗೆ ಬೂಟು ಹಾಕುವಷ್ಟರಲ್ಲಿ ಮೊದಲನೆಯವಳು ಕಿತ್ತು ಬಿಸಾಕಿರುತ್ತಾಳೆ. ಎಲ್ಲ ಆಯಿತು, ಬಾಗಿಲು ತೆಗೆಯಬೇಕು, ಆಗ ಕೂಸಿನ ನ್ಯಾಪಿ ಬದಲಾಯಿಸುವ ಹೊತ್ತು. ಮತ್ತೆ ಎಲ್ಲರೂ ಒಳಗೆ. ಇದನ್ನು ನೋಡಿದ ಮೇಲೆ ಮೂರು ಅನ್ನುವ ಸಂಖ್ಯೆ ಎಲ್ಲಿಂದ ಬಂತು ಅಂತ ನಾನು ಯಾರನ್ನೂ ಕೇಳಲಿಲ್ಲ. ಆ ಮನೆಗೆ ಬೆಂಕಿ ಬಿತ್ತು ಅಂತ ಇಟ್ಟುಕೊಳ್ಳಿ. ನಡೆಯಲು ಬಾರದ ಒಂದು ಕೂಸನ್ನು ಸೊಂಟಕ್ಕೇರಿಸಿಕೊಂಡು, ಇನ್ನಿಬ್ಬರ ಕೈ ಹಿಡಿದು ಎಳೆದುಕೊಂಡು ಹೊರಗೆ ಓಡಬಹುದು. ಕೂಸು ಎರಡಾದರೆ?

ಇನ್ನೊಂದು ವಿಷಯ ತುಂಬಾ ಜನಕ್ಕೆ ಹೊಳೆಯುವುದಿಲ್ಲ. ಈ ಲೆಕ್ಕ ದಿನಕ್ಕಲ್ಲ, ಆ ಹೊತ್ತಿಗೆ. ಬೆಳಗಿನ ಮಗು ಒಂದು ಗಂಟೆಗೆ ಹೋದರೆ ಆ ಜಾಗಕ್ಕೆ ಮಧ್ಯಾಹ್ನ ಬೇರೆ ಮಗು ಬರಬಹುದು. ತೊಂದರೆ ಬರುವುದು ಮೊದಲನೇ ಮಗುವಿನ ಅಪ್ಪ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ. ಅವನು ಬರುವುದು ಒಂದೂಕಾಲು, ಇನ್ನೊಂದು ಮಗು ಬಾಗಿಲಲ್ಲಿ ನಿಂತಾಗಿದೆ. ಆ ಹದಿನೈದು ನಿಮಿಷ ಲೆಕ್ಕ ತಪ್ಪಿತು. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಅನ್ನುವುದು ರಿಜಿಸ್ಟರಿನಲ್ಲಿ ಇರಲೇಬೇಕು. ತಪಾಸಣೆಗೆ ಬಂದವರು ಅದನ್ನು ನೋಡುತ್ತಾರೆ. ತಡವಾಗಿ ಬಂದ ಅಪ್ಪಂದಿರ ಮೇಲೆ ಚೈಲ್ಡ್‌ಮೈಂಡರ್ ಸಿಡಿಮಿಡಿ ಮಾಡುವುದು ಸುಮ್ನೆ ಅಲ್ಲ.

ತಪಾಸಣೆ ಮಾಡುವ ಸಂಸ್ಥೆ ಆಫ್‌ಸ್ಟೆಡ್. ಈ ಕೆಲಸಕ್ಕೆ ನೋಂದಣಿ ಬೇಕು ಅನ್ನುವ ಕಾನೂನು 1948ರಿಂದಲೇ ಇದೆ. ಮೊದಲು ಸ್ಥಳೀಯ ಆಡಳಿತದವರು ನೋಡಿಕೊಳ್ಳುತ್ತಿದ್ದರು, 2001ರಿಂದ ಆಫ್‌ಸ್ಟೆಡ್. ಮಕ್ಕಳ ಪ್ರಥಮ ಚಿಕಿತ್ಸೆಯ ತರಬೇತಿ ಆಗಿರಬೇಕು, ಮನೆಯಲ್ಲಿರುವ ಹದಿನಾರು ದಾಟಿದ ಎಲ್ಲರ ಹಿನ್ನೆಲೆಯೂ ಪರಿಶೀಲನೆ ಆಗಬೇಕು. ಗಂಡನದ್ದೂ, ಕಾಲೇಜಿಗೆ ಹೋಗುವ ಮಗನದ್ದೂ.

ಹಾಗಂತ ಕಾನೂನು ಕಲ್ಲಿನ ಹಾಗಿಲ್ಲ. ಅವಳಿ ಮಕ್ಕಳು ಬಂದರೆ ಏನು ಮಾಡುವುದು? ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸ್ ಕಳಿಸೋಕಾಗುತ್ತಾ? ಒಡಹುಟ್ಟಿದ ಕೂಸುಗಳಿಗೆ, ಚೈಲ್ಡ್‌ಮೈಂಡರ್‌ಗೇ ಕೂಸು ಹುಟ್ಟಿದಾಗ, ಹೀಗೆ ಸಡಿಲಿಕೆ ಇದೆ. ಆದರೆ ಎಲ್ಲ ಮಕ್ಕಳ ಅಗತ್ಯವೂ ಪೂರೈಸುತ್ತಿದೆ ಅಂತ ಅವಳು ತೋರಿಸಬೇಕು, ಮತ್ತು ಒಟ್ಟು ಆರು ದಾಟುವಂತಿಲ್ಲ.

ಈ ಮೂರನ್ನು ನಾಲ್ಕು ಮಾಡಲು ಹೊರಟವರೂ ಇದ್ದರು. 2013ರಲ್ಲಿ ಲಿಜ್ ಟ್ರಸ್ ಮಕ್ಕಳ ಪಾಲನೆಯ ಖಾತೆ ನೋಡಿಕೊಳ್ಳುತ್ತಿದ್ದರು, ಮುಂದೆ ಕೆಲವು ವಾರ ಪ್ರಧಾನಿಯಾಗಿದ್ದವರು ಅವರೇ. ಐದರೊಳಗಿನ ನಾಲ್ಕು ಮಕ್ಕಳು, ಅದರಲ್ಲಿ ಎರಡು ಕೂಸು, ಇಷ್ಟಕ್ಕೆ ಒಪ್ಪಿಗೆ ಕೊಡೋಣ, ಫೀಸು ಇಳಿಯುತ್ತದೆ ಅಂದರು. ಅಪ್ಪ ಅಮ್ಮಂದಿರೂ, ಈ ಕೆಲಸದಲ್ಲಿ ಇರುವವರೂ ಬೇಡ ಅಂತ ಕೂತರು. ಕೊನೆಗೆ ಉಪಪ್ರಧಾನಿ ನಿಕ್ ಕ್ಲೆಗ್ ತಡೆದರು. ಅದಾಗಿ ಹತ್ತು ವರ್ಷಕ್ಕೆ, 2023ರ ಸೆಪ್ಟೆಂಬರಿನಲ್ಲಿ, ನರ್ಸರಿಗಳಲ್ಲಿ ಎರಡು ವರ್ಷದ ಮಕ್ಕಳನ್ನು ನೋಡಿಕೊಳ್ಳುವ ಒಬ್ಬ ಸಿಬ್ಬಂದಿಗೆ ನಾಲ್ಕು ಮಕ್ಕಳು ಅಂತ ಇದ್ದದ್ದು ಐದಾಯಿತು. ಚೈಲ್ಡ್‌ಮೈಂಡರ್‌ನ ಮೂರು ಮೂರಾಗಿಯೇ ಉಳಿಯಿತು. ನನ್ನ ಕೇಳಿದರೆ ಒಳ್ಳೆಯದೇ ಆಯಿತು. ನಾಲ್ಕನೇ ಮಗುವಿನ ಫೀಸು ಬಂದರೆ ಉಳಿದ ಮೂವರ ಫೀಸು ಇಳಿಸುತ್ತಾರೆ ಅನ್ನುವುದು ನನಗಂತೂ ನಂಬಿಕೆಯಿಲ್ಲ. ಹೌದು, ಮೂರೇ ಮಕ್ಕಳ ದುಡ್ಡಲ್ಲಿ ಒಬ್ಬಳ ಸಂಸಾರ ನಡೆಯಬೇಕು, ಅದಕ್ಕೇ ಫೀಸು ದುಬಾರಿ. ಎಷ್ಟೋ ಜನ ಈ ಕೆಲಸವನ್ನೇ ಬಿಟ್ಟಿದ್ದಾರೆ. ಆ ದುಡ್ಡನ್ನು ಸರ್ಕಾರ ತುಂಬಿಕೊಡಲಿ. ಮಕ್ಕಳನ್ನು ಒತ್ತರಿಸಿ ತುಂಬಬೇಕಿಲ್ಲ.

ಇನ್ನು ನಮ್ಮ ಜನ ಎಡವುವ ಜಾಗ. ಅಜ್ಜಿ ತಾತ ನೋಡಿಕೊಂಡರೆ ನೋಂದಣಿ ಬೇಡ. ಅತ್ತೆ, ಮಾವ, ಚಿಕ್ಕಪ್ಪ, ಚಿಕ್ಕಮ್ಮ, ಅಣ್ಣ, ಅಕ್ಕ, ಇವರಿಗೂ ಬೇಡ. ಆದರೆ ದೊಡ್ಡಮ್ಮನ ಮಗಳು? ನಮಗೆ ಅವಳೂ ಅಕ್ಕನೇ, ಆ ಕಾನೂನಿಗೆ ಅಲ್ಲ. ಅವಳಾಗಲಿ, ಪಕ್ಕದ ಬೀದಿಯ ಕನ್ನಡದ ಗೆಳತಿಯಾಗಲಿ, ತನ್ನ ಮನೆಯಲ್ಲಿ ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ದುಡ್ಡು ತಗೊಂಡು ಎಂಟರೊಳಗಿನ ಮಗು ನೋಡಿಕೊಂಡರೆ ನೋಂದಣಿ ಆಗಲೇಬೇಕು. "ದುಡ್ಡೇನೂ ಕೊಡಲ್ಲ, ನನ್ನ ಮಗು ನೀನು ನೋಡ್ಕೋ, ನಿನ್ನದನ್ನ ನಾನು ನೋಡ್ಕೋತೀನಿ" ಅನ್ನುವುದಕ್ಕೂ ಒಮ್ಮೆ ಆಕ್ಷೇಪ ಬಂದಿತ್ತು. 2009ರಲ್ಲಿ ಹೀಗೆ ಸರದಿ ಮೇಲೆ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಇಬ್ಬರು ಗೆಳತಿಯರಿಗೆ ಆಫ್‌ಸ್ಟೆಡ್, ಇದು ನೋಂದಣಿಯಿಲ್ಲದ ಚೈಲ್ಡ್‌ಮೈಂಡಿಂಗ್ ಅಂದುಬಿಟ್ಟಿತು. ಇಬ್ಬರೂ ಪೊಲೀಸ್ ಕೆಲಸದಲ್ಲಿದ್ದವರು! ಊರೆಲ್ಲ ಗುಲ್ಲಾಯಿತು. ದುಡ್ಡಿಲ್ಲದ ಇಂಥ ಕೊಡುಕೊಳ್ಳುವಿಕೆಗೆ ಅಡ್ಡಿಯಿಲ್ಲ ಅಂತ ಸರ್ಕಾರ ಸರಿಪಡಿಸಿತು. ಗೆಳತಿಗೆ ತಿಂಗಳಿಗಿಷ್ಟು ಅಂತ ಪೌಂಡು ಕೊಡುವ ಲೆಕ್ಕವಿದ್ದರೆ ಮಾತ್ರ ಆ ರಿಯಾಯಿತಿ ಸಿಗುವುದಿಲ್ಲ.

ಮಗುವನ್ನು ಬಿಡಲು ಹೋದಾಗ ಗೋಡೆ ಮೇಲಿನ ಆಫ್‌ಸ್ಟೆಡ್ ಪ್ರಮಾಣಪತ್ರ ನೋಡಿ. ಅದನ್ನು ಕಾಣುವಂತೆ ಹಾಕಿರಬೇಕು. ಈಗಿರುವ ಮಕ್ಕಳ ವಯಸ್ಸೆಷ್ಟು, ನಿಮ್ಮ ಮಕ್ಕಳೆಷ್ಟು ಅಂತ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅಳಿಯನಿಗೆ ಕಾರ್ಡಿಫ್‌ಗೋ ಎಡಿನ್‌ಬರೋಗೋ ವರ್ಗವಾದರೆ ಈ ಲೆಕ್ಕವನ್ನೇ ಹಿಡಿದುಕೊಂಡು ಹೋಗಬೇಡಿ. ವೇಲ್ಸ್‌ನಲ್ಲಿ ಹನ್ನೆರಡು ವರ್ಷದವರೆಗಿನ ಹತ್ತು ಮಕ್ಕಳವರೆಗೂ ಒಪ್ಪಿಗೆಯಿದೆ, ಆದರೆ ಐದರೊಳಗಿನವರು ಅಲ್ಲೂ ಮೂರೇ. ಸ್ಕಾಟ್ಲೆಂಡಿನಲ್ಲಿ ಶಾಲೆಗೆ ಸೇರದ ಮಕ್ಕಳು ಮೂರು, ಅದರಲ್ಲಿ ಕೂಸು ಒಂದು.

ನಮಸ್ಕಾರ.